ಮಾಸ್ತರು ಕೇಳದ ಪ್ರಶ್ನೆಗಳನ್ನು ಎಣಿಸುವ ಶಂಕ್ರವ್ವ

ಬೆಳಗಿನ ಐದೂವರೆ. ರೋಣದ ಮಾರುಕಟ್ಟೆ ಅಂಗಳದ ಲೈಟುಗಳು ಇನ್ನೂ ಆರಿಲ್ಲ. ಸುರಿದಿಟ್ಟ ಕಡಲೆಯ ರಾಶಿಯ ಸುತ್ತ ಒಂಬತ್ತು ಹೆಂಗಸರು ಕೂತಿದ್ದಾರೆ. ಮೊರ ಮೇಲೆದ್ದು ಕೆಳಗಿಳಿದಂತೆ ಹೊಟ್ಟು ಹಾರಿ ಅವರ ತಲೆಗೂದಲ ಮೇಲೆ, ಹುಬ್ಬಿನ ಮೇಲೆ ಕೂರುತ್ತದೆ. ಒಬ್ಬರು ಕೇರುತ್ತಾರೆ, ಇನ್ನೊಬ್ಬರು ಸಾಣಿಗೆ ಹಿಡಿಯುತ್ತಾರೆ. ಮಾತು ಕಡಿಮೆ. ಹರಾಜು ಶುರುವಾಗುವುದರೊಳಗೆ ರಾಶಿ ಹಸನಾಗಬೇಕು.

ಎಡಗಡೆಯ ಕೊನೆಯಲ್ಲಿ ಕೂತವರು ಶಂಕ್ರವ್ವ. ನಲವತ್ತೊಂದು ವರ್ಷ. ಮೊರದಲ್ಲಿ ಕಾಳಿನ ಬಣ್ಣದ್ದೇ ಒಂದು ಹರಳು ಇದ್ದರೂ ಅವರ ಬೆರಳು ಅದನ್ನು ಹುಡುಕಿ ತೆಗೆಯುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ. ಪತಿ ಅರ್ಜುನಪ್ಪ ಇದೇ ಅಂಗಳದಲ್ಲಿ ಚೀಲ ಹೊರುತ್ತಾರೆ.

ಒಂಬತ್ತಕ್ಕೆ ಸರಿಯಾಗಿ ಶಂಕ್ರವ್ವ ಎದ್ದು ಸೀರೆ ಕೊಡವುತ್ತಾರೆ. ಇಂದು ಅವರು ಶಾಲೆಗೆ ಹೋಗುವ ದಿನ. ನಳದ ಕೆಳಗೆ ಮುಖ ತೊಳೆದು, ಸವಡಿ ರಸ್ತೆಯ ಟಂಟಂ ಹತ್ತಿ ತಮ್ಮ ಊರಿನಲ್ಲಿ ಇಳಿಯುತ್ತಾರೆ. ಮನೆಗೆ ಹೋಗುವುದಿಲ್ಲ. ನೇರ ಸರ್ಕಾರಿ ಶಾಲೆಗೆ ಹೋಗಿ, ಏಳನೆಯ ತರಗತಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹಿಂದಿನ ಗೋಡೆಗೆ ಒರಗಿ ಕೂರುತ್ತಾರೆ. ಗಣಿತದ ಮಾಸ್ತರು ಒಮ್ಮೆ ಅವರ ಕಡೆ ನೋಡಿ, ಮುಖ ತಿರುಗಿಸಿ, ಪಾಠ ಶುರು ಮಾಡುತ್ತಾರೆ.

ಶಂಕ್ರವ್ವ ಅಲ್ಲಿ ಮಾಡುವ ಕೆಲಸಕ್ಕೆ ಯಾವ ಇಲಾಖೆಯಲ್ಲೂ ಹೆಸರಿಲ್ಲ. ಮಾಸ್ತರು ಯಾವ ಮಗುವಿಗೆ ಪ್ರಶ್ನೆ ಕೇಳುತ್ತಾರೆ, ಯಾವ ಮಗುವಿಗೆ ಕೇಳುವುದಿಲ್ಲ ಎಂದು ಅವರು ಎಣಿಸುತ್ತಾರೆ. ಅಷ್ಟೇ. ಆದರೆ ಈ ಎಣಿಕೆಗೆ ಒಂದು ಶಾಲೆ, ಒಂದು ಊರು, ಒಬ್ಬ ಅಧಿಕಾರಿ ಎಷ್ಟು ಹೆದರಿದರು ಎಂಬುದನ್ನು ಕೇಳಿದರೆ ಮೈ ಉರಿಯುತ್ತದೆ.

ಊರಿನ ಹೆಸರನ್ನು ಬರೆಯಬೇಡಿ ಎಂದವರು ಅವರೇ. ಹೆದರಿಕೆಯೇ ಎಂದು ಕೇಳಿದೆ. "ಹೆದರಿಕಿ ಅಲ್ರಿ. ನಮ್ಮೂರಿನ ಹೆಸರ ಬರದ್ರ ಉಳಿದ ಊರಿನವ್ರು 'ನಮ್ಮಲ್ಲಿ ಹಂಗಿಲ್ಲ' ಅಂತ ಪೇಪರ್ ಮಡಚಿ ಇಡ್ತಾರ. ಹೆಸರ ಇಲ್ಲಂದ್ರ ಎಲ್ಲಾರೂ ಒಂದಿಷ್ಟು ತಮ್ಮ ಸಾಲಿ ಕಡೆ ನೋಡ್ತಾರ."

ಎರಡು ವರ್ಷದ ಹಿಂದಿನ ಮಾತು. ಜನವರಿ ಕೊನೆಯ ಒಂದು ಭಾನುವಾರ. ಶಂಕ್ರವ್ವನವರ ಕಿರಿಯ ಮಗಳು ಲಕ್ಷ್ಮೀ ಆಗ ಐದನೆಯ ತರಗತಿ. ತಾಯಿ ಮಗಳು ಕಟ್ಟಿಗೆ ಹೊತ್ತು ರಸ್ತೆ ಬದಿ ಬರುತ್ತಿದ್ದರು. ಒಂದು ಟಂಟಂ ತುಂಬ ಲಕ್ಷ್ಮೀಯ ತರಗತಿಯ ಮಕ್ಕಳು ಎದುರಿಗೆ ಬಂದರು. ಎಲ್ಲರ ಕೈಯಲ್ಲೂ ಪರೀಕ್ಷೆ ಬರೆಯುವ ಪ್ಯಾಡು, ಎಲ್ಲರ ತಲೆಗೂ ಎಣ್ಣೆ ಹಚ್ಚಿ ಬಾಚಿತ್ತು. ಒಬ್ಬಳು ಕೈ ಬೀಸಿದಳು. ಲಕ್ಷ್ಮೀಯೂ ಬೀಸಿದಳು. ಆಮೇಲೆ ತಾಯಿಯನ್ನು ಕೇಳಿದಳು: "ಅವ್ವಾ, ಇವ್ರೆಲ್ಲಾ ಎಲ್ಲಿ ಹೊಂಟಾರ?"

ಅವರು ಹೊರಟಿದ್ದು ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ. ಪಾಸಾದ ಮಗುವಿಗೆ ಆರನೆಯ ತರಗತಿಯಿಂದ ಊಟ, ವಸತಿ, ಪುಸ್ತಕ, ಒಳ್ಳೆಯ ಪಾಠ, ಎಲ್ಲ ಸರ್ಕಾರದ್ದೇ. ಕೂಲಿಯವರ ಮಕ್ಕಳಿಗೆ ಇದಕ್ಕಿಂತ ದೊಡ್ಡ ಬಾಗಿಲು ಈ ಸೀಮೆಯಲ್ಲಿ ಇಲ್ಲ. ತರಗತಿಯ ಮೂವತ್ತನಾಲ್ಕು ಮಕ್ಕಳಲ್ಲಿ ಹನ್ನೆರಡು ಮಕ್ಕಳಿಗೆ ಅರ್ಜಿ ಸಿಕ್ಕಿತ್ತು. ದಲಿತ ಕೇರಿಯಿಂದ ಮತ್ತು ಮುಸಲ್ಮಾನರ ಓಣಿಯಿಂದ ಬರುವ ಮಕ್ಕಳು ಹತ್ತು. ಆ ಹತ್ತರಲ್ಲಿ ಒಬ್ಬರಿಗೂ ಸಿಕ್ಕಿರಲಿಲ್ಲ. ಸಿಗದಿರುವುದು ಹೋಗಲಿ, ಅಂಥದೊಂದು ಪರೀಕ್ಷೆ ಇದೆ ಎಂದೇ ಯಾರೂ ಅವರಿಗೆ ಹೇಳಿರಲಿಲ್ಲ.

ಸೋಮವಾರ ಶಂಕ್ರವ್ವ ಶಾಲೆಗೆ ಹೋದರು. ಅರ್ಜಿ ಹಂಚಿದ್ದು ಗಣಿತದ ಶಿಕ್ಷಕ ಪ್ರಭುಲಿಂಗಪ್ಪ. ಮೂವತ್ತೊಂದು ವರ್ಷದ ಸೇವೆ, ಊರಿನ ಹಳೆಯ ಹೊಲ-ಮನೆಯ ಕುಟುಂಬ, ಒಂದು ದಿನವೂ ತಡವಾಗಿ ಬಂದವರಲ್ಲ. ಅಂದಿನ ಮಾತು ಶಂಕ್ರವ್ವನವರಿಗೆ ಅಕ್ಷರ ಬಿಡದೆ ನೆನಪಿದೆ.

"ಹುಷಾರ ಹುಡುಗರಿಗಷ್ಟ ಕೊಟ್ಟೀನಿ ಶಂಕ್ರವ್ವ. ಇಲ್ಲಂದ್ರ ಸುಮ್ನ ಸಾಲಿ ಹೆಸರ ಕೆಡತೈತಿ. ನಿಮ್ಮ ಮಂದಿ ಸುಗ್ಗಿ ಬಂದ್ರ ಹುಡುಗರನ್ನ ಬಿಡಿಸಿ ಹೊಲಕ್ಕ ಕರಕೊಂಡ ಹೋಗತೀರಿ. ಹಾಸ್ಟೆಲಿಗೆ ಹಾಕಿ ಏನ್ ಮಾಡ್ತಿ?"

"ನನ್ನ ಮಗಳು ಈ ವರ್ಷ ಮೂರ ದಿನ ಬಿಟ್ಟಾಳ್ರಿ ಸರ. ಜ್ವರ ಬಂದಿತ್ತು."

"ಇರಲಿ ಬಿಡು, ಮುಂದ ನೋಡೂಣು."

"ಅಕಿ ಹುಷಾರ ಅಲ್ಲ ಅಂತ ನಿಮಗ ಹ್ಯಾಂಗ ಗೊತ್ತಾತ್ರಿ?"

ಮಾಸ್ತರು ನಕ್ಕರಂತೆ. "ದಿನಾ ಪಾಠ ಮಾಡಾಂವ ನಾನು. ನನಗ ಗೊತ್ತಾಗೂದಿಲ್ಲೇನು?"

ಆ ವರ್ಷದ ಹಾಜರಿ ಪುಸ್ತಕವನ್ನು ನಾನು ನೋಡಿದ್ದೇನೆ. ಲಕ್ಷ್ಮೀ ತಪ್ಪಿಸಿದ್ದು ಮೂರೇ ದಿನ. ಅರ್ಜಿ ಪಡೆದ ಹನ್ನೆರಡು ಮಕ್ಕಳಲ್ಲಿ ಒಬ್ಬ ಹತ್ತೊಂಬತ್ತು ದಿನ ಬಂದಿರಲಿಲ್ಲ. ಸುಗ್ಗಿಗೆ ಶಾಲೆ ಬಿಡಿಸುವ ಮಂದಿ ಯಾರು ಎಂದು ಪುಸ್ತಕವನ್ನು ಕೇಳಿದ್ದರೆ ಅದು ಹೇಳುತ್ತಿತ್ತು. ಅದು ಮಾಸ್ತರ ಮೇಜಿನ ಮೇಲೆಯೇ, ಕೈಗೆಟಕುವಷ್ಟು ದೂರದಲ್ಲಿ ಇತ್ತು. ಅವರು ತೆರೆಯಲಿಲ್ಲ. ತೆರೆಯುವ ಅಗತ್ಯವೇ ಅವರಿಗೆ ಕಾಣಲಿಲ್ಲ, ಏಕೆಂದರೆ ಅವರಿಗೆ ಮೊದಲೇ ಗೊತ್ತಿತ್ತು.

ಶಂಕ್ರವ್ವ ಶಾಲಾ ಮೇಲುಸ್ತುವಾರಿ ಸಮಿತಿಯ ಸದಸ್ಯೆ. ಕೇರಿಯಿಂದ ಒಬ್ಬ ತಾಯಿ ಬೇಕು ಎಂದು ಹೆಸರು ಸೇರಿಸಿದ್ದರು. ಅಲ್ಲಿಯವರೆಗಿನ ಎರಡು ವರ್ಷ ಅವರ ಕೆಲಸ ಹೆಬ್ಬೆಟ್ಟು ಒತ್ತುವುದು, ಚಹಾ ಕುಡಿಯುವುದು. ಚಹಾ ಅವರಿಗೆ ಕಾಗದದ ಕಪ್ಪಿನಲ್ಲಿ, ಉಳಿದವರಿಗೆ ಗಾಜಿನ ಗ್ಲಾಸಿನಲ್ಲಿ. ಶಾಲೆ ಹೇಗೆ ನಡೆಯುತ್ತದೆ ಎಂದು ನೋಡುವುದು ಸದಸ್ಯರ ಕೆಲಸ ಎಂಬ ಮಾತು ಯಾವುದೋ ಸಭೆಯಲ್ಲಿ ಅವರ ಕಿವಿಗೆ ಬಿದ್ದಿತ್ತು. ಮಾಸ್ತರ ಜೊತೆ ಮಾತಾದ ಮರುದಿನವೇ ಅವರು ಹೋಗಿ ಐದನೆಯ ತರಗತಿಯ ಹಿಂದಿನ ಗೋಡೆಗೆ ಒರಗಿ ಕೂತರು. "ನೋಡಾಕ ಬಂದೀನ್ರಿ," ಎಂದರು.

ಮಡಿಲಲ್ಲಿ ಒಂದು ಹಿಡಿ ಕಡಲೆ, ಒಂದು ಹಿಡಿ ಜೋಳ. ಸೊಂಟದಲ್ಲಿ ಎಲೆ-ಅಡಿಕೆಯ ಸಂಚಿ, ಅದಕ್ಕೆ ಎರಡು ಅರೆ. ಮಾಸ್ತರು ಮುಂದಿನ ಸಾಲಿನ ಮಗುವಿಗೆ ಏನಾದರೂ ಕೇಳಿದರೆ ಒಂದು ಅರೆಗೆ ಒಂದು ಕಡಲೆ. ಹಿಂದಿನ ಸಾಲಿನಲ್ಲಿ ಕೂರುವ ಕೇರಿಯ, ಓಣಿಯ ಆ ಹತ್ತು ಮಕ್ಕಳಲ್ಲಿ ಯಾರಿಗಾದರೂ ಕೇಳಿದರೆ ಇನ್ನೊಂದು ಅರೆಗೆ ಒಂದು ಜೋಳ. ಆರು ದಿನ ಹೀಗೆ ಕೂತರು. ಅಷ್ಟೂ ದಿನ ಮಾರುಕಟ್ಟೆಯ ಅರ್ಧ ದಿನದ ಕೆಲಸ ಹೋಯಿತು.

ಫೆಬ್ರುವರಿಯ ಸಮಿತಿ ಸಭೆಯಲ್ಲಿ ಅವರು ಸಂಚಿ ಬಿಚ್ಚಿ ಮೇಜಿನ ಮೇಲೆ ಸುರಿದರು. ಕಡಲೆ ಇನ್ನೂರ ನಲವತ್ತಮೂರು. ಜೋಳ ಹನ್ನೊಂದು.

ಅಧ್ಯಕ್ಷರು ನಕ್ಕು, "ಏನವ್ವಾ, ಹುಗ್ಗಿ ಮಾಡ್ತಿಯೇನು?" ಎಂದರು. ಎಲ್ಲರೂ ನಕ್ಕರು. ಶಂಕ್ರವ್ವ ನಗು ನಿಲ್ಲುವವರೆಗೆ ಕಾದು, ಲೆಕ್ಕ ಏನೆಂದು ಹೇಳಿದರು. ಮೂವತ್ತನಾಲ್ಕು ಮಕ್ಕಳಲ್ಲಿ ಹತ್ತು ಮಕ್ಕಳಿಗೆ ಆರು ದಿನದಲ್ಲಿ ಹನ್ನೊಂದು ಮಾತು. ಆಮೇಲೆ ಜೋಳದ ಕಾಳುಗಳ ಮೇಲೆ ಬೆರಳಿಟ್ಟರು.

"ಕಡ್ಲಿ ಯಾವ ಪ್ರಶ್ನೆದ್ದು ಅಂತ ನೆನಪಿಲ್ರಿ, ಭಾಳ ಅದಾವು. ಜ್ವಾಳ ಮಾತ್ರ ಹನ್ನೊಂದೂ ನೆನಪದಾವು. ನಾಕು, 'ಏ, ನೀರ ತುಂಬಿದಿಯೇನು?' ಮೂರು, 'ನಿನ್ನಿ ಯಾಕ ಬಂದಿಲ್ಲ?' ಎರಡು, 'ಹಿಂದ ಏನದು ಗದ್ಲ?' ಒಂದು, 'ಜಳಕ ಮಾಡಿ ಬಂದಿಯೇನು?' ಪಾಠದ್ದು ಅಂದ್ರ ಒಂದ ಒಂದು. ಇಷ್ರತಗ ಏಳೆಂಟ್ಲೆ ಎಷ್ಟು ಅಂತ ಕೇಳಿದ್ರು. ಹುಡುಗಿ ಬಾಯಿ ತಗೀಬೇಕು ಅನ್ನೂದ್ರಾಗ 'ಕುಂದರು' ಅಂದ್ರು."

ಈಗ ಯಾರೂ ನಗಲಿಲ್ಲ. ಪ್ರಭುಲಿಂಗಪ್ಪ ಎದ್ದು ನಿಂತರು. ಮೂವತ್ತೊಂದು ವರ್ಷದಲ್ಲಿ ತಾನು ಒಂದು ಮಗುವಿಗೂ ಜಾತಿ ಹಿಡಿದು ಬೈದಿಲ್ಲ, ಒಬ್ಬರನ್ನೂ ಮುಟ್ಟಬೇಡ ಎಂದಿಲ್ಲ, ಕಾಳು ಆರಿಸುವವಳಿಂದ ಪಾಠ ಕಲಿಯುವ ಹಣೆಬರಹ ತನಗೆ ಬಂದಿಲ್ಲ ಎಂದು ಹೇಳಿ ಹೊರನಡೆದರು. ಮುಖ್ಯ ಶಿಕ್ಷಕರು ಸಿಪಾಯಿಯನ್ನು ಕರೆದು ಮೇಜು ಒರೆಸಲು ಹೇಳಿದರು. ಕಾಳುಗಳು ನೆಲಕ್ಕೆ ಬಿದ್ದವು. ಅವನ್ನು ಆರಿಸಿದ್ದೂ ಶಂಕ್ರವ್ವನೇ.

ಆಮೇಲೆ ಆದದ್ದನ್ನು ಬರೆಯಲು ನನಗೆ ನಾಚಿಕೆ. ಸುಗ್ಗಿಗೆ ಪ್ರತಿ ವರ್ಷ ಕರೆಯುತ್ತಿದ್ದ ಎರಡು ಮನೆಯವರು ಆ ವರ್ಷ ಶಂಕ್ರವ್ವನವರನ್ನು ಕರೆಯಲಿಲ್ಲ. ರೋಣದ ಮಾರುಕಟ್ಟೆಯ ಅಂಗಡಿಕಾರರಿಗೆ ಊರಿನಿಂದ ಫೋನು ಹೋಯಿತು. ಒಂದು ಬೆಳಿಗ್ಗೆ ಅವರು ಮಾರುಕಟ್ಟೆಗೆ ಬಂದಾಗ ಗುಮಾಸ್ತ, "ನಾಳಿಂದ ನಿನಗ ಕೆಲಸಿಲ್ಲ," ಎಂದ. ಪಕ್ಕದಲ್ಲೇ ಖಾಜಾಬಿ ಇದ್ದರು. ಅರವತ್ತರ ಖಾಜಾಬಿ ಇಷ್ರತಳ ಅಜ್ಜಿ, ಶಂಕ್ರವ್ವನ ಜೊತೆ ಮೊದಲ ದಿನದಿಂದಲೂ ಸಾಣಿಗೆ ಹಿಡಿದವರು. ಅವರು ಸಾಣಿಗೆಯನ್ನು ರಾಶಿಯ ಮೇಲೆ ಬೋರಲು ಹಾಕಿ, ಅದರ ಮೇಲೆಯೇ ಕೂತರು.

"ಅಕಿ ಇಲ್ಲಂದ್ರ ನಾನೂ ಇಲ್ಲ. ಕೇರ್ಕೋರಿ ನೀವ."

ಉಳಿದ ಹೆಂಗಸರೂ ಮೊರ ಕೆಳಗಿಟ್ಟರು. ಹರಾಜಿನ ಹೊತ್ತಾಯಿತು, ಕಡಲೆ ಹೊಟ್ಟಿನ ಸಮೇತ ಹಾಗೇ ಬಿದ್ದಿತ್ತು. ಮುಕ್ಕಾಲು ಗಂಟೆಯಲ್ಲಿ ಗುಮಾಸ್ತ ವಾಪಸು ಬಂದು, ಶಂಕ್ರವ್ವನೂ ಕೂರಲಿ ಎಂದ. ಈ ಮಾತು ಹೇಳುವಾಗ ಖಾಜಾಬಿ ಈಗಲೂ ನಗುವುದಿಲ್ಲ. "ನಮ್ಮ ಹುಡುಗಿನೂ ಅದ ಹಿಂದಿನ ಸಾಲಿನ್ಯಾಗ ಕುಂತಾಳಲ್ರಿ. ನಾನು ಅಷ್ಟು ವರ್ಷ ಏನ್ ತಿಳ್ಕೊಂಡಿದ್ದೆ? ಇಷ್ರತ ದಡ್ಡಿ ಅಂತ ತಿಳ್ಕೊಂಡಿದ್ದೆ. ಅಕಿಗೂ ಹಂಗ ಅಂತಿದ್ದೆ. ಮಾಸ್ತರು ಮಾಡಿದ ತಪ್ಪಿಗೆ ನಾ ನನ್ನ ಮೊಮ್ಮಗಳನ್ನ ಬೈದೀನಿ."

ಮಾರ್ಚ್‌ನಲ್ಲಿ ಶಂಕ್ರವ್ವನವರ ದೂರಿನ ವಿಚಾರಣೆಗೆ ಶಿಕ್ಷಣ ಇಲಾಖೆಯ ಒಬ್ಬ ಅಧಿಕಾರಿ ಬಂದರು. ಮಾಸ್ತರು ಜಾತಿ ಹೆಸರು ಹಿಡಿದು ಬೈದಿದ್ದಾರೆಯೇ ಎಂದು ಕೇಳಿದರು. ಇಲ್ಲ ಎಂದರು ಶಂಕ್ರವ್ವ. ಹೊಡೆದಿದ್ದಾರೆಯೇ? ಇಲ್ಲ. ಊಟಕ್ಕೆ ಬೇರೆ ಕೂರಿಸಿದ್ದಾರೆಯೇ? ಇಲ್ಲ. "ಮತ್ತೇನು ನಿನ್ನ ತಕರಾರು?" ಎಂದರಂತೆ ಆ ಸಾಹೇಬರು.

"ಬೈದಿದ್ರ ಚಲೋ ಇತ್ರಿ ಸಾಹೇಬ್ರ. ತಿರುಗಿ ಬೈತಿದ್ದೆ. ಅವರ ಕಣ್ಣಿಗೆ ನಮ್ಮ ಹುಡುಗರು ಕಾಣೂದ ಇಲ್ರಿ. ಅದಕ್ಕ ಏನ್ ಅಂತ ಹೆಸರ ಇಟ್ಟೀರಿ ನಿಮ್ಮ ಕಾಯ್ದೆದಾಗ?"

ಸಾಹೇಬರ ವರದಿ ಒಂದು ಪುಟದ್ದು. ಆರೋಪದಲ್ಲಿ ಹುರುಳಿಲ್ಲ, ಪಾಲಕರ ತಪ್ಪು ತಿಳಿವಳಿಕೆ, ತರಗತಿಗೆ ಹೊರಗಿನವರು ಬಾರದಿರುವುದು ಒಳಿತು. ತರಗತಿಯ ಹಿಂದೆ ಕೂತ ತಾಯಿ ಹೊರಗಿನವಳು! ಮಗಳ ಕೈಗೆ ನೀರಿನ ಕೊಡ ಕೊಡುವಾಗ ಮಾತ್ರ ಆ ಮನೆಯವರೆಲ್ಲ ಶಾಲೆಯವರು.

ಇಲ್ಲಿ ನನ್ನದೂ ಒಂದು ಮಾತು ಹೇಳಬೇಕು. ನಾನೂ ಇದೇ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಓದಿದವನು, ಮುಂದಿನ ಸಾಲಿನಲ್ಲಿ ಕೂತವನು. ನಮ್ಮ ತರಗತಿಯಲ್ಲಿ ಮೈಲಾರಿ ಎಂಬ ಹುಡುಗನಿದ್ದ. ದಿನಾ ಎರಡನೆಯ ತಾಸಿಗೆ ಅವನು ಕೊಡ ತೆಗೆದುಕೊಂಡು ಬಾವಿಗೆ ಹೋಗುತ್ತಿದ್ದ. ಆ ಕೊಡ ನನಗೆ ನೆನಪಿದೆ, ಅದರ ಕಂಠದ ನೆಗ್ಗು ಕೂಡ. ಅವನ ದನಿ ನೆನಪಿಲ್ಲ. ಐದು ವರ್ಷ ಒಂದೇ ಕೋಣೆಯಲ್ಲಿ ಕೂತಿದ್ದೆವು. ಅವನ ದನಿ ನನಗೆ ನೆನಪಾಗುವಷ್ಟು ಸಲ ಯಾರೂ ಅವನನ್ನು ಏನನ್ನೂ ಕೇಳಲಿಲ್ಲ. ನಾನು ಹುಷಾರು ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ.

ವರದಿ ಬಂದ ಮೇಲೂ ಶಂಕ್ರವ್ವ ಹೋಗುವುದನ್ನು ಬಿಡಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದಾಗ ಕನ್ನಡದ ಶಿಕ್ಷಕಿ ಸುವರ್ಣಾ ಬಾಗಿಲಲ್ಲಿ ಅವರನ್ನು ತಡೆದರು. ಇಪ್ಪತ್ತೊಂಬತ್ತು ವರ್ಷ, ರೋಣದ ವ್ಯಾಪಾರಸ್ಥರ ಮನೆಯ ಮಗಳು. ಕಾಳು ಸುರಿದ ಸಭೆಯಲ್ಲಿ ಅವರೂ ಇದ್ದರು.

"ನನ್ನ ತರಗತಿಗೂ ಬರ್ರಿ ಶಂಕ್ರವ್ವಾರ. ನಾ ಹಂಗ ಮಾಡಂಗಿಲ್ಲ ಅಂತ ನನಗ ಖಾತ್ರಿ ಐತಿ. ಆದ್ರೂ ಬರ್ರಿ."

ಎರಡು ದಿನದ ಲೆಕ್ಕ: ಕಡಲೆ ಐವತ್ತೇಳು, ಜೋಳ ಆರು. ಇನ್ನೊಂದನ್ನೂ ಶಂಕ್ರವ್ವ ಗಮನಿಸಿದ್ದರು. ಮುಂದಿನ ಮಗು ಉತ್ತರ ಹೇಳದೆ ನಿಂತರೆ ಟೀಚರ್ ಕಾಯುತ್ತಾರೆ, ಮೊದಲ ಅಕ್ಷರ ಹೇಳಿಕೊಡುತ್ತಾರೆ, ನಗುತ್ತಾರೆ. ಹಿಂದಿನ ಮಗು ನಿಂತರೆ ಆ ಕ್ಷಣವೇ ಬೇರೆಯವರ ಕಡೆ ಹೋಗುತ್ತಾರೆ. ಸುವರ್ಣಾ ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟರು.

ಆ ಅಳು ನೋಡಿ ಶಂಕ್ರವ್ವನವರ ಮನಸ್ಸು ಕರಗಲಿಲ್ಲ. "ಅತ್ತರ ಏನ್ ಬಂತ್ರಿ ಟೀಚರ? ನಾಳಿ ಕೇಳ್ರಿ," ಎಂದು ಚಪ್ಪಲಿ ಮೆಟ್ಟಿ ಹೊರಟರು.

ಸುವರ್ಣಾ ಮರುದಿನ ತರಗತಿಯ ಎಲ್ಲ ಮಕ್ಕಳ ಹೆಸರುಗಳನ್ನು ಚೀಟಿಗಳಲ್ಲಿ ಬರೆದು ಒಂದು ಬಿಸ್ಕೀಟಿನ ಡಬ್ಬಿಗೆ ಹಾಕಿದರು. ಕೈಗೆ ಬಂದ ಚೀಟಿಯ ಮಗುವಿಗೇ ಪ್ರಶ್ನೆ. ಉತ್ತರ ಬರುವವರೆಗೆ ಮನಸ್ಸಿನಲ್ಲಿ ಹತ್ತು ಎಣಿಸುವುದು. ಪ್ರತಿ ಸೋಮವಾರ ಹಿಂದಿನ ಸಾಲು ಮುಂದೆ, ಮುಂದಿನದು ಹಿಂದೆ. "ಸಣ್ಣ ಕೆಲಸ ಅನ್ನಸ್ತೈತಿ," ಎನ್ನುತ್ತಾರೆ ಸುವರ್ಣಾ. "ಖರೇ ಹೇಳ್ಲಾ? ಮೊದಲ ತಿಂಗಳು ಹಿಂದಿನ ಸಾಲಿನವರ ಚೀಟಿ ಬಂದ್ರ ನನ್ನ ಕೈ ಅದನ್ನ ವಾಪಸ್ ಹಾಕ್ತಿತ್ತು. ನನಗ ಗೊತ್ತಿಲ್ದಂಗ. ಶಂಕ್ರವ್ವ ಹಿಂದಿಂದ ಕೆಮ್ಮೋರು."

ಈಗ ಶಂಕ್ರವ್ವ ವಾರಕ್ಕೆ ಎರಡು ದಿನ, ಮೂರು ಶಾಲೆಗಳಲ್ಲಿ ಕೂರುತ್ತಾರೆ. ಇನ್ನೆರಡು ಊರುಗಳಲ್ಲಿ ಸುವರ್ಣಾರ ಗೆಳತಿಯರು ಶಿಕ್ಷಕಿಯರು, ಅವರೇ ಕರೆಸಿಕೊಂಡರು. ಎರಡು ವರ್ಷದಲ್ಲಿ ಹದಿನಾಲ್ಕು ಶಿಕ್ಷಕರನ್ನು ಎಣಿಸಿದ್ದಾರೆ. ಹದಿನಾಲ್ವರೂ ಮೊದಲು ಹೇಳಿದ ಮಾತು ಒಂದೇ: ನಾನು ಭೇದ ಮಾಡುವುದಿಲ್ಲ. ಹದಿನಾಲ್ವರಲ್ಲಿ ಒಬ್ಬರ ಲೆಕ್ಕವೂ ಆ ಮಾತಿಗೆ ಹೊಂದಲಿಲ್ಲ. ಐವರು ಬದಲಾಗಿದ್ದಾರೆ. ಮೂವರು ಅವರನ್ನು ಒಳಗೆ ಬಿಡುವುದನ್ನೇ ನಿಲ್ಲಿಸಿದ್ದಾರೆ. ಉಳಿದವರು, ಶಂಕ್ರವ್ವನವರ ಮಾತಿನಲ್ಲಿ, "ನಾ ಇದ್ದಾಗ ಕೇಳ್ತಾರ, ನಾ ಎದ್ದ ಹ್ವಾದ ಮ್ಯಾಲ ಮತ್ತ ಮುಂದಿನವರ ಕಡೆ ಹೊಳ್ಳತಾರ. ಅದಕ್ಕ ಇಂಥಾ ದಿನ ಬರ್ತೀನಿ ಅಂತ ಯಾರಿಗೂ ಹೇಳಂಗಿಲ್ಲ ನಾನು."

ಪ್ರಭುಲಿಂಗಪ್ಪನವರನ್ನು ಅವರ ಮನೆಯಲ್ಲಿ ಭೇಟಿಯಾದೆ. ಗೋಡೆಯ ಮೇಲೆ ಎರಡು ಸನ್ಮಾನ ಪತ್ರಗಳಿವೆ. ಮುಂದಿನ ವರ್ಷ ನಿವೃತ್ತಿ. ಪ್ರೀತಿಯಿಂದ ಚಹಾ ಕೊಟ್ಟರು. "ನೀವ ಹೇಳ್ರಿ, ಹುಷಾರ ಹುಡುಗರನ್ನ ಕೇಳಿದ್ರ ಪಾಠ ಮುಂದ ಹೋಗತೈತಿ. ಬರಲಾರದವರನ್ನ ನಿಲ್ಲಿಸಿ ಅವಮಾನ ಮಾಡಬೇಕೇನು? ನಾ ಕರುಣಾದಿಂದ ಬಿಟ್ಟೀನಿ." ಆ ವರ್ಷ ಹಿಂದಿನ ಸಾಲಿನಲ್ಲಿದ್ದ ಹತ್ತು ಮಕ್ಕಳ ಹೆಸರು ಹೇಳಲು ಕೇಳಿದೆ. ಅವರು ನಾಲ್ಕು ಹೆಸರು ಹೇಳಿ ನಿಂತರು. ದಿನಾ ಪಾಠ ಮಾಡಿದ ಮಕ್ಕಳು! ಕರುಣೆ ಎಂಬ ಪದವನ್ನು ಅಂದಿನಿಂದ ನಾನು ಬಳಸಿಲ್ಲ.

ವಸತಿ ಶಾಲೆಯ ಅರ್ಜಿಯ ಸುದ್ದಿಯನ್ನು ಈಗ ದೊಡ್ಡ ಅಕ್ಷರದಲ್ಲಿ ಶಾಲೆಯ ಗೇಟಿಗೆ ಅಂಟಿಸುತ್ತಾರೆ. ಸಭೆಯಲ್ಲಿ ಹಟ ಹಿಡಿದು ಆ ನಿರ್ಣಯ ಮಾಡಿಸಿದವರು ಶಂಕ್ರವ್ವ. ಕಳೆದ ವರ್ಷ ಕೇರಿಯ ನಾಲ್ಕು ಮಕ್ಕಳು ಪರೀಕ್ಷೆ ಬರೆದರು. ದುರಗೇಶ ಎಂಬ ಹುಡುಗನಿಗೆ ಸೀಟು ಸಿಕ್ಕಿತು. ಅವನಿಗೆ ಮಗ್ಗಿ, ಭಿನ್ನರಾಶಿ ಹೇಳಿಕೊಟ್ಟವಳು ಲಕ್ಷ್ಮೀ.

ಲಕ್ಷ್ಮೀ ಈಗ ಏಳನೆಯ ತರಗತಿ, ಅದೇ ಶಾಲೆ. ಐದನೆಯ ತರಗತಿ ಒಮ್ಮೆಯಷ್ಟೇ ಬರುತ್ತದೆ, ಆ ಬಾಗಿಲು ಅವಳಿಗೆ ಮತ್ತೆ ತೆರೆಯುವುದಿಲ್ಲ. ಇಪ್ಪತ್ಮೂರು ಚೀಲ, ಚೀಲಕ್ಕೆ ಅರವತ್ತೆರಡು ಕಿಲೋ ಎಂದರೆ ಕಾಗದ ಮುಟ್ಟದೆ ಹದಿನಾಲ್ಕು ಕ್ವಿಂಟಲ್ ಇಪ್ಪತ್ತಾರು ಕಿಲೋ ಎನ್ನುತ್ತಾಳೆ. ತಂದೆಯ ಜೊತೆ ಮಾರುಕಟ್ಟೆಗೆ ಹೋಗಿ ಕಲಿತದ್ದು. ಬೇಸರ ಇದೆಯೇ ಎಂದು ಕೇಳಿದೆ. ಕಾಲ್ಬೆರಳಿನಿಂದ ನೆಲ ಗೀರುತ್ತ ಹೇಳಿದಳು.

"ದುರಗೇಶನ್ನ ಕಳಸಾಕ ಹೋದಾಗ ಅತ್ತಿದ್ದೆ. ಅವ್ವಗ ಗೊತ್ತಿಲ್ಲ. ಅವ್ವ ಒಮ್ಮೊಮ್ಮೆ ನನಗ 'ತಪ್ಪಾತವ್ವಾ, ಮೊದ್ಲ ನೋಡಬೇಕಿತ್ತು' ಅಂತಾಳ. ಅಕಿ ಯಾಕ ತಪ್ಪಾತು ಅನ್ಬೇಕ್ರಿ? ಅನ್ನಬೇಕಾದವ್ರು ಅಂದಿಲ್ಲ."

ಈ ಎರಡು ವರ್ಷದಲ್ಲಿ ನಿಜಕ್ಕೂ ಯಾರೂ ಅಂದಿಲ್ಲ. ಮಾಸ್ತರು ಅಂದಿಲ್ಲ, ಶಾಲೆ ಅಂದಿಲ್ಲ, ಒಂದು ಪುಟದ ಸಾಹೇಬರು ಬೇರೆ ತಾಲ್ಲೂಕಿಗೆ ಬಡ್ತಿ ಪಡೆದು ಹೋಗಿದ್ದಾರೆ. ಹತ್ತು ಮಕ್ಕಳ ಆ ವರ್ಷ ಯಾವ ದಾಖಲೆಯಲ್ಲೂ ನಷ್ಟ ಎಂದು ಬರೆದಿಲ್ಲ.

ಹೊರಡುವ ಮುನ್ನ, ಲೇಖನದ ಕೊನೆಗೆ ಬೇಕಾಗುತ್ತದೆ ಎಂದು, ಶಂಕ್ರವ್ವನವರ ವಿವರಗಳನ್ನು ಕೇಳಿ ಬರೆದುಕೊಂಡೆ. ಹೆಸರು, ವಯಸ್ಸು, ಉದ್ಯೋಗ. ಮುಂದಿನದನ್ನು ಕೇಳದೆಯೇ ಬರೆದೆ. ನನ್ನ ಪೆನ್ನು ಓಡಿದ್ದನ್ನು ಅವರು ನೋಡುತ್ತಿದ್ದರು.

"ಈಗ ಏನ ಬರದ್ರಿ?"

"ವಿದ್ಯಾಭ್ಯಾಸ ಇಲ್ಲ ಅಂತ."

"ನನ್ನ ಕೇಳಿದ್ರೇನು?"

ಕೇಳಿರಲಿಲ್ಲ. ಅವರು ಸಿಟ್ಟಾಗಲಿಲ್ಲ. ಪಾಠ ಹೇಳುವವರಂತೆ ನಿಧಾನವಾಗಿ ಹೇಳಿದರು.

"ಎರಡ ವರ್ಷ ಸಾಲಿಗೆ ಹೋಗೀನ್ರಿ ನಾನು. ಮೆಟ್ಟಲ ಮ್ಯಾಲ ಕುಂದ್ರಸ್ತಿದ್ರು. ಎರಡ ವರ್ಷದಾಗ ಒಬ್ರೂ ಪಾಟಿ ತೋರ್ಸು ಅನ್ಲಿಲ್ಲ. ಇಲ್ಲ ಅನ್ನೂದು ಹೊಡೀರಿ. ಹೋಗಿದ್ಲು, ಕಲಸಲಿಲ್ಲ ಅಂತ ಬರೀರಿ."

ಹೊಡೆದುಹಾಕಿದೆ. ಅವರು ಹೇಳಿದಂತೆಯೇ ಬರೆದೆ. ಓದಿ ತೋರಿಸಿ ಎಂದರು, ಎರಡು ಸಲ ಓದಿದೆ.